ಬಿದ್ದವಳ ಪಕ್ಕ ಕೂತವರು

ಆ ಊರಿನಲ್ಲಿ ಬಿದ್ದವರು ಸಾಯುವುದಿಲ್ಲ.

ಬೆಟ್ಟದ ಮೇಲೆ ಮೃಗದ ಎದುರು ಬಿದ್ದವರು, ಬಿದ್ದ ಆ ಗಳಿಗೆಯಲ್ಲೇ, ಊರಬಾಗಿಲಿನ ಒಳಗಿರುವ ಕಲ್ಲುಹಾಸಿನ ಮೇಲೆ ಬಂದು ಮಲಗಿರುತ್ತಾರೆ. ಯಾರೂ ಹೊತ್ತು ತರುವುದಿಲ್ಲ. ಬಂದಾಗ ಅವರಿಗೆ ಬಣ್ಣವಿರುವುದಿಲ್ಲ. ಅಕ್ಕಿ ತೊಳೆದ ನೀರಿನ ಹಾಗಿರುತ್ತಾರೆ. ಅವರ ಎದೆಯ ಮೂಲಕ ಕೆಳಗಿನ ಕಲ್ಲಿನ ಗೆರೆಗಳು ಕಾಣುತ್ತವೆ. ಆಮೇಲೆ ಬಣ್ಣ ಬರುತ್ತದೆ. ಕಾಲಿನಿಂದ ಬರುತ್ತದೆ. ಹೆಬ್ಬೆರಳಿಗೆ ಬರುತ್ತದೆ, ಹಿಮ್ಮಡಿಗೆ ಬರುತ್ತದೆ, ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ, ಕತ್ತಿಗೆ ಬರುತ್ತದೆ. ತುಟಿಗೆ ಬಣ್ಣ ಬಂದಾಗ ಬಿದ್ದವರು ಮಾತಾಡುತ್ತಾರೆ. ಮಾತಾಡಿದವರು ಏಳುತ್ತಾರೆ.

ಆದರೆ ಬಣ್ಣ ತಾನಾಗಿ ಬರುವುದಿಲ್ಲ. ಜೊತೆಗೆ ಬೆಟ್ಟ ಹತ್ತಿದವರಲ್ಲಿ ಒಬ್ಬರು ಪಕ್ಕದಲ್ಲಿ ಕೂತಿರಬೇಕು. ಕೂತಿರುವಷ್ಟು ಹೊತ್ತು ಬಣ್ಣ ಏರುತ್ತದೆ, ಎದ್ದರೆ ಎಲ್ಲಿತ್ತೋ ಅಲ್ಲಿ ನಿಲ್ಲುತ್ತದೆ. ಬೇರೆಯವರು ಕೂತರೆ ಆಗದು. ಒಳ್ಳೆಯವರು ಕೂತರೂ ಆಗದು, ಬಲ್ಲವರು ಕೂತರೂ ಆಗದು. ಜೊತೆಗೆ ಹತ್ತಿದವರೇ ಕೂರಬೇಕು. ಒಬ್ಬರು ಎದ್ದು ಹೋಗುವ ಮೊದಲು ಇನ್ನೊಬ್ಬರು ಬಂದು, ಭುಜಕ್ಕೆ ಭುಜ ತಾಗುವ ಹಾಗೆ ಕೂರುತ್ತಾರೆ. ಹೋಗುವವರು, "ಕೂತಿದ್ದೆ" ಎನ್ನುತ್ತಾರೆ. ಬಂದವರು, "ಕೂತೆ" ಎನ್ನುತ್ತಾರೆ. ಇಷ್ಟೇ ಅಲ್ಲಿನ ಶಾಸ್ತ್ರ.

ಬಿದ್ದವರಿಗೆ ಎಲ್ಲವೂ ಕೇಳಿಸುತ್ತದೆ. ಇದೂ ಎಲ್ಲರಿಗೂ ಗೊತ್ತು. ಆದ್ದರಿಂದ ಪಕ್ಕ ಕೂತವರು ಮಾತಾಡುತ್ತಲೇ ಇರುತ್ತಾರೆ.

ಆ ಊರಿನಲ್ಲಿ ಹುಟ್ಟಿದವರು ಯಾರೂ ಇಲ್ಲ. ಎಲ್ಲರೂ ಬಂದವರು. ದೂರದೂರದ ಊರುಗಳಲ್ಲಿ, ತಮ್ಮ ತಮ್ಮ ಕೋಣೆಗಳಲ್ಲಿ ಒಬ್ಬೊಬ್ಬರೇ ಕೂತು, ಕಣ್ಣೆದುರಿನ ಪರದೆಯ ಬೆಳಕಿನ ಚೌಕದೊಳಗಿಂದ ಇಲ್ಲಿಗೆ ಇಳಿದವರು. ಒಬ್ಬರಿಗೆ ಬೆಳಗಾದಾಗ ಇನ್ನೊಬ್ಬರಿಗೆ ಸಂಜೆಯಾಗಿರುತ್ತದೆ. ಒಬ್ಬರ ಮನೆ ಇನ್ನೊಬ್ಬರು ಕಂಡಿಲ್ಲ. ಯಾವ ಊರು ನಿಮ್ಮದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಏನು ಹೊರುತ್ತೀರಿ ಎಂದು ಕೇಳುತ್ತಾರೆ. ಹೊತ್ತದ್ದೇ ಹೆಸರು. ಗುರಾಣಿ ಹೊತ್ತವಳು ಗುರಾಣಿಯಕ್ಕ, ಪಂಜು ಹೊತ್ತವನು ಪಂಜಿನವನು, ಬಿಲ್ಲು ಹೊತ್ತವನು ಬಿಲ್ಲಿನವನು, ಬೇರು ಸೊಪ್ಪಿನ ಗಂಟು ಹೊತ್ತವಳು ಮದ್ದಿನಜ್ಜಿ.

ಒಮ್ಮೊಮ್ಮೆ ಮಾತಿನ ನಡುವೆಯೇ ಯಾರಾದರೂ, "ಹಾಲು ಉಕ್ತಿದೆ, ಬಂದೆ" ಎಂದು ಹೇಳಿ ಬೊಂಬೆಯಾಗಿಬಿಡುತ್ತಾರೆ. ಎತ್ತಿದ ಕೈ ಎತ್ತಿದಂತೆ, ತೆರೆದ ಬಾಯಿ ತೆರೆದಂತೆ. ಅವರ ಊರಿನಲ್ಲಿ, ಅವರ ಮನೆಯಲ್ಲಿ, ಯಾರೋ ಕರೆದಿರುತ್ತಾರೆ. ಯಾರೂ ಗಾಬರಿಯಾಗುವುದಿಲ್ಲ. ನೊಣ ಕೂರದಂತೆ ಮುಖದ ಮೇಲೆ ಒಂದು ಬಟ್ಟೆ ಹಾಕಿ ಮುಂದಿನ ಮಾತಾಡುತ್ತಾರೆ. ಆದರೆ ಬೊಂಬೆಯಾದವರು ಕೂತಂತೆ ಅಲ್ಲ. ಅದಕ್ಕೇ ಪಕ್ಕ ಕೂರುವವರು ಹಾಲು ಉಕ್ಕುವ ಮೊದಲೇ ಇನ್ನೊಬ್ಬರನ್ನು ಕರೆದುಕೊಳ್ಳುತ್ತಾರೆ.

ಮೃಗ ಮಲಗಿದರೆ ಬೆಟ್ಟದ ಊಟೆ ಬಿಚ್ಚಿಕೊಂಡು ಊರಿನ ಕೊಳಕ್ಕೆ ನೀರು ಇಳಿಯುತ್ತದೆ. ಎದ್ದರೆ ನಿಲ್ಲುತ್ತದೆ. ಆದ್ದರಿಂದ ತಂಡಗಳು ಸರದಿಯ ಮೇಲೆ ಹತ್ತುತ್ತವೆ. ಬಾಗಿಲು ನಾಲ್ಕು ತಲೆಗೆ ತೆರೆಯುತ್ತದೆ, ಮೂರು ತಲೆಗೆ ತೆರೆಯುವುದಿಲ್ಲ. ಸರದಿ ತಪ್ಪಿಸಿದ ತಂಡ ಅಲ್ಲಿಗೆ ಮುರಿಯಿತು. ಬಿದ್ದವರ ಜಾಗಕ್ಕೆ ಹೊಸಬರನ್ನು ತುಂಬಿಕೊಂಡರೂ ಹಳೆಯ ತಂಡ ಮುರಿದಂತೆಯೇ. ಮುರಿದ ತಂಡದವರು ಆಮೇಲೆ ಎಷ್ಟು ಕೂತರೂ ಬಣ್ಣ ಏರುವುದಿಲ್ಲ. ಕೂತು ನೋಡಿದವರಿದ್ದಾರೆ.

ಕಲ್ಲುಹಾಸಿನ ಆಚೆ ತುದಿಯಲ್ಲಿ, ಗೋಡೆಯ ನೆರಳಿನಲ್ಲಿ, ಅರೆಬಣ್ಣದವರು ಮಲಗಿದ್ದಾರೆ. ಒಬ್ಬನಿಗೆ ಮೊಣಕಾಲಿನವರೆಗೆ ಬಣ್ಣ, ಒಬ್ಬಳಿಗೆ ಎದೆಯವರೆಗೆ. ಒಬ್ಬನಿಗೆ ಗಲ್ಲದವರೆಗೂ ಬಂದು ನಿಂತಿದೆ. ಅವರ ಪಕ್ಕದ ಕಲ್ಲುಗಳು ತಣ್ಣಗಿವೆ. ಅವರಿಗೂ ಎಲ್ಲವೂ ಕೇಳಿಸುತ್ತದೆ. ಆ ಕಡೆ ಹಾದುಹೋಗುವವರು ದನಿ ತಗ್ಗಿಸುತ್ತಾರೆ.

ಒಂದು ಸರದಿಯಲ್ಲಿ ಗುರಾಣಿಯಕ್ಕ ಬಿದ್ದಳು.

ಅವಳು ಬೀಳುವವಳಲ್ಲ. ಅವಳ ಹಿತ್ತಾಳೆಯ ಗುರಾಣಿ ಬಾಗಿಲಿನಷ್ಟು ಅಗಲ. ಅದನ್ನು ನೆಲಕ್ಕೆ ಊರಿದಳೆಂದರೆ ಮೃಗ ಬಂದು ಡಿಕ್ಕಿ ಹೊಡೆದು ತಾನೇ ಹಿಂದಕ್ಕೆ ಸರಿಯುತ್ತಿತ್ತು. ಆಮೇಲೆ ಪಂಜಿನವನು ಪಂಜು ಎತ್ತುತ್ತಿದ್ದ, ಮೃಗ ಕಣ್ಣು ಕಿರಿದು ಮಾಡುತ್ತಿತ್ತು. ಬಿಲ್ಲಿನವನು ಬಾಣ ಬಿಡುತ್ತಿದ್ದ, ಮದ್ದಿನಜ್ಜಿ ಗಾಯಗಳಿಗೆ ಸೊಪ್ಪು ಹಿಂಡುತ್ತಿದ್ದಳು. ಎಲ್ಲವೂ ಗುರಾಣಿ ಊರಿದ ಮೇಲೆ. ಆ ದಿನ ಗುರಾಣಿ ಊರಲೇ ಇಲ್ಲ. ಅವಳು ಅದನ್ನು ಎತ್ತಿ ಹಿಡಿದವಳು ಹಾಗೇ ನಿಂತಳು. ಯಾರಿಗೂ ಯಾಕೆಂದು ತಿಳಿಯಲಿಲ್ಲ. ಮೃಗ ಬಂತು. ಗುರಾಣಿ ಒಂದು ಕಡೆಗೆ ಉರುಳಿತು, ಅವಳು ಕಲ್ಲುಹಾಸಿನ ಮೇಲೆ ಅಕ್ಕಿ ತೊಳೆದ ನೀರಿನ ಹಾಗೆ ಮಲಗಿದ್ದಳು.

ಉಳಿದ ಮೂವರು ಗುರಾಣಿಯನ್ನು ಎಳೆದುಕೊಂಡು ಬೆಟ್ಟ ಇಳಿದರು. ಮದ್ದಿನಜ್ಜಿ ಏದುಸಿರು ಬಿಡುತ್ತಾ ಮೊದಲು ಕೂತಳು.

"ಕೂತೆ ಕಣೇ," ಎಂದಳು. "ಈಗ ಮಲಕ್ಕೋ. ನಾವಿದ್ದೀವಿ."

ಅವರು ಚೆನ್ನಾಗಿ ಕೂತರು. ಹಾಗೆ ಕೂತವರನ್ನು ಆ ಊರು ಹೆಚ್ಚು ಕಂಡಿರಲಿಲ್ಲ. ಬೆಳಗಿನ ಹೊತ್ತು ಅಜ್ಜಿ ಕೂರುತ್ತಿದ್ದಳು, ಮಧ್ಯಾಹ್ನ ಪಂಜಿನವನು, ಬಿಸಿಲು ಇಳಿದ ಮೇಲೆ ಬಿಲ್ಲಿನವನು. ಹೆಬ್ಬೆರಳಿಗೆ ಬಣ್ಣ ಬಂತು. ಹಿಮ್ಮಡಿಗೆ ಬಂತು. ಮೊಣಕಾಲು ದಾಟಿತು. ಬಾಗಿಲಿನವನು, ಅಂದರೆ ಬಾಗಿಲು ಕಾಯುವವನು, ಬಂದು ನೋಡಿ, "ನಿಮ್ಮ ಸರದಿ ಬರೋದರೊಳಗೆ ಎದ್ದು ಕೂರ್ತಾಳೆ ಬಿಡಿ," ಎಂದ.

ಮೂವರೂ ಅವಳನ್ನು ಪ್ರೀತಿಸುತ್ತಿದ್ದರು. ಅವಳಿಗೆ ಒಂದು ಚಿಂತೆಯೂ ಇರಬಾರದೆಂದು ಬಯಸಿದರು. ಹೀಗಾಗಿ, ಯಾರೂ ಯಾರಿಗೂ ಹೇಳಿಕೊಡದೆ, ಮೂವರೂ ಒಂದೇ ಮಾತಾಡಿದರು.

"ನೀನೇನೂ ಯೋಚನೆ ಮಾಡ್ಬೇಡ," ಎನ್ನುತ್ತಿದ್ದಳು ಅಜ್ಜಿ. "ನಿನ್ನ ಗುರಾಣಿ ಹುಣಸೆಹಣ್ಣು ಹಾಕಿ ತಿಕ್ಕಿದೀನಿ. ಮುಖ ನೋಡ್ಕೋಬಹುದು, ಹಾಗಿದೆ."

"ನಿನ್ನ ಕೆಲಸ ಎಲ್ಲಾ ನಾವೇ ಮಾಡ್ಕೋತಾ ಇದ್ದೀವಕ್ಕ," ಎನ್ನುತ್ತಿದ್ದ ಪಂಜಿನವನು. "ನೀನು ಇಲ್ಲದಿದ್ರೂ ಏನೂ ನಿಂತಿಲ್ಲ. ಆರಾಮಾಗಿರು."

"ಗುರಾಣಿ ಎತ್ತೋದು ನಾನೂ ಕಲೀತಿದ್ದೀನಿ," ಎನ್ನುತ್ತಿದ್ದ ಬಿಲ್ಲಿನವನು. "ನೀನು ಎದ್ದ ಮೇಲೂ ಒಬ್ಬಳೇ ಹೊರೋದು ಬೇಡ. ಈಗ ಅದು ನನ್ನ ಮಾತು ಕೇಳುತ್ತೆ ಅಕ್ಕ. ಎತ್ತು ಅಂದ್ರೆ ಏಳುತ್ತೆ, ಊರು ಅಂದ್ರೆ ಊರುತ್ತೆ."

ಇದು ನಿಜವಲ್ಲ. ಗುರಾಣಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಬತ್ತಿದ ಬಾವಿಯ ಹಿಂದಿನ ಬಯಲಿನಲ್ಲಿ ಬಿಲ್ಲಿನವನು ಅದನ್ನು ಎತ್ತಲು ಹೋಗಿ ಅದರಡಿಗೇ ಬಿದ್ದಿದ್ದ. ಕೈಕಾಲು ಮಾತ್ರ ಹೊರಗೆ ಕಾಣುತ್ತಿದ್ದವು.

"ಆಮೆ ಆಮೆ," ಎಂದು ಪಂಜಿನವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಆಮೇಲೆ ಎಳೆದು ತೆಗೆದಿದ್ದ.

"ನಗಬೇಡ. ಅಕ್ಕನಿಗೆ ಹೇಳಬೇಡ."

"ಹೇಳ್ತೀನಾ? ಪಾಪ, ಅವಳಿಗ್ಯಾಕೆ ತಲೆನೋವು?"

ಹೀಗೆ ಅವಳಿಗೆ ಏನನ್ನೂ ಹೇಳಲಿಲ್ಲ. ಗುರಾಣಿಯ ಹಿಡಿಯ ಚರ್ಮ ಹರಿದದ್ದನ್ನು ಹೇಳಲಿಲ್ಲ. ಹೊಲಿಯಲು ಹೋಗಿ ಅಜ್ಜಿ ಬೆರಳು ಚುಚ್ಚಿಕೊಂಡದ್ದನ್ನು ಹೇಳಲಿಲ್ಲ. ಎಲ್ಲಾ ಸರಿಯಾಗಿದೆ, ಎಂದರು. ಎಲ್ಲಾ ನಡೀತಾ ಇದೆ, ಎಂದರು. ನೀನು ಮಲಗು, ಎಂದರು. ಬಣ್ಣ ಸೊಂಟಕ್ಕೆ ಬಂತು. ಸೊಂಟದಲ್ಲಿ ನಿಂತಿತು.

ಮೊದಲ ದಿನ ಯಾರಿಗೂ ಅನುಮಾನ ಬರಲಿಲ್ಲ. ಮಾರನೆಯ ದಿನವೂ ಬಣ್ಣ ಅಲ್ಲೇ ಇತ್ತು, ಕೆರೆಯ ನೀರು ಮೆಟ್ಟಿಲಿನ ಮೇಲೆ ಗೆರೆ ಬಿಟ್ಟಂತೆ. ಅದರ ಮರುದಿನವೂ ಇತ್ತು. ಆಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

"ನೀನು ಎದ್ದಿದ್ದೆ," ಎಂದಳು ಅಜ್ಜಿ ಪಂಜಿನವನಿಗೆ.

"ಯಾರು, ನಾನಾ? ನನ್ನ ಕಾಲು ಮುಟ್ಟಿ ನೋಡಜ್ಜಿ. ಜೋಮು ಹಿಡಿದು ನನ್ನದೋ ಬೇರೆಯವರದೋ ಗೊತ್ತಾಗ್ತಿಲ್ಲ. ಇವನನ್ನ ಕೇಳು. ಇವನ ಮನೇಲಿ ಯಾವಾಗ ನೋಡಿದ್ರೂ ಕರೀತಾರೆ."

"ಕರೆದರೆ ನಾನು ಹೋಗೋದಿಲ್ಲ," ಎಂದ ಬಿಲ್ಲಿನವನು. "ಮೂರು ಸಲ ಕೂಗಿದ ಮೇಲೆ ಊಟದ ತಟ್ಟೇನೇ ತಂದು ಮುಂದೆ ಇಟ್ಟು ಬೈದು ಹೋಗ್ತಾರೆ. ಇಲ್ಲೇ ಕೂತು ತಿಂತೀನಿ. ಅಜ್ಜಿನೇ ತೂಕಡಿಸಿರಬೇಕು."

"ತೂಕಡಿಸಿದ್ರೂ ಕೂತೇ ತೂಕಡಿಸ್ತೀನಿ ಕಣೋ. ಇಷ್ಟು ವಯಸ್ಸಾಯ್ತು, ಕೂರೋದು ನನಗೆ ನೀನು ಕಲಿಸ್ತೀಯಾ?"

ಈ ಮಾತುಗಳನ್ನು ಅಜ್ಜಿಯೂ ಪಂಜಿನವನೂ ಕಲ್ಲುಹಾಸಿನ ಪಕ್ಕದ ಬಾವಿಯ ಹತ್ತಿರ ನಿಂತು ಪಿಸುಗುಟ್ಟಿದರು. ಅಕ್ಕನ ಪಕ್ಕ ಒಬ್ಬರು ಕೂತಿರಬೇಕಾದ್ದರಿಂದ, ಬಿಲ್ಲಿನವನು ಕಲ್ಲುಹಾಸಿನ ಮೇಲೆ ಕೂತೇ ಕತ್ತು ಉದ್ದ ಮಾಡಿ ಪಿಸುಗುಟ್ಟುತ್ತಿದ್ದ. ಉಳಿದಿಬ್ಬರು ಅವನ ಕಡೆಗೆ ಬಾಗಿ ಪಿಸುಗುಟ್ಟುತ್ತಿದ್ದರು. ಅವಳಿಗೆ ಕೇಳಿಸಬಾರದು ಎಂಬುದಷ್ಟೇ ಮೂವರಿಗೂ ಬೇಕಾಗಿತ್ತು.

ಸರದಿ ಹತ್ತಿರವಾಯಿತು. ಹೊಸ ಗುರಾಣಿಯವನು ಬರತೊಡಗಿದ. ತಂಡ ಸಿಗದೆ ಬಾಗಿಲಿನ ಬಳಿ ಕಾಯುತ್ತಿದ್ದವರಲ್ಲಿ ಅವನೊಬ್ಬ. ಎತ್ತರದ ಆಳು, ಒಳ್ಳೆಯ ನಗು, ಒಳ್ಳೆಯ ಮಾತು. ದಿನವೂ ಬಂದು ಅಜ್ಜಿಗೆ ಕೈ ಮುಗಿಯುತ್ತಿದ್ದ.

"ನಾನು ತಯಾರಿದ್ದೀನಿ ಅಜ್ಜಿ. ಅವರಿಗೆ ಆಗಲ್ಲ ಅನ್ಸಿದ್ರೆ ಒಂದು ಮಾತು ಹೇಳಿ. ನನ್ನ ಗುರಾಣಿ ನೋಡಿ, ಒಂದೇ ಒಂದು ಗೀರಿಲ್ಲ."

"ನೋಡಿದೆ," ಎಂದಳು ಅಜ್ಜಿ. "ಅದೇ ನನಗೆ ಭಯ."

ಅವನು ನಕ್ಕ. ಕೆಟ್ಟವನಲ್ಲ. ಹೋಗುವಾಗ ಅರೆಬಣ್ಣದವರ ಕಡೆಗೊಮ್ಮೆ ನೋಡಿ, "ಇವಳ ಜೊತೆಗೆ ನೀವೂ ಮುರಿದುಹೋಗ್ತೀರಲ್ಲ, ಅದೇ ಬೇಜಾರು," ಎಂದ.

ಸರದಿಯ ಹಿಂದಿನ ದಿನ ಬಾಗಿಲಿನವನು ಬಂದ. ಅವನ ಕೈಯಲ್ಲಿ ಗಂಟೆಯಿತ್ತು. ಬಡಿಯಲಿಲ್ಲ, ಬರಿದೇ ಹಿಡಿದುಕೊಂಡಿದ್ದ. ಅಕ್ಕನ ಸೊಂಟದ ಗೆರೆಯನ್ನು ನೋಡಿದ.

"ನಾಳೆ ಬಿಸಿಲು ನೆತ್ತಿಗೆ ಬಂದಾಗ ನಿಮ್ಮ ತಂಡಕ್ಕೆ ಬಾಗಿಲು," ಎಂದ. "ಕೊಳದಲ್ಲಿ ನೀರು ತಳ ಮುಟ್ಟಿದೆ. ಮುಂದಕ್ಕೆ ಹಾಕೋಕೆ ಆಗಲ್ಲ. ನಾಲ್ಕು ತಲೆ ಬೇಕು."

"ಮೂರು ತಲೆಗೆ ತೆರೆದರೆ ಬಾಗಿಲು ಕಿತ್ತು ಬರುತ್ತಾ?" ಎಂದ ಪಂಜಿನವನು.

"ತೆರೆಯೋದು ನಾನಲ್ಲಪ್ಪ. ಅದು ತಾನೇ ತೆರೆಯುತ್ತೆ. ನಾನು ಗಂಟೆ ಹೊಡೆಯೋನು." ಅವನು ತಲೆ ತಗ್ಗಿಸಿದ. "ಹೊಸಬನನ್ನ ತಗೊಂಡ್ರೆ ನೀವು ಮೂವರಾದ್ರೂ ಜೊತೇಲಿ ಇರ್ತೀರಿ. ಬಿಟ್ಟರೆ ಅದೂ ಇಲ್ಲ. ಹೇಗೂ ಇವಳಿಗೆ..."

"ಅವಳಿಗೆ ಕೇಳಿಸುತ್ತೆ," ಎಂದಳು ಅಜ್ಜಿ.

ಅವನು ಮಾತು ನಿಲ್ಲಿಸಿ ಹೊರಟುಹೋದ.

ಆ ಸಂಜೆ ಹೊಸ ಗುರಾಣಿಯವನನ್ನು ತೆಗೆದುಕೊಳ್ಳುವ ಮಾತು ಮೂವರಲ್ಲಿ ಯಾರೂ ಎತ್ತಲಿಲ್ಲ. ಅಜ್ಜಿ ಕೂತಿದ್ದಳು. ಪಂಜಿನವನು ಅಕ್ಕನ ಇನ್ನೊಂದು ಪಕ್ಕದಲ್ಲಿ ಕೂತ, ಇಬ್ಬರು ಕೂತರೆ ಹೆಚ್ಚು ಏರುತ್ತದೇನೋ ಎಂಬಂತೆ. ಏರಲಿಲ್ಲ. ಬಿಲ್ಲಿನವನಿಗೆ ಕೈಕಟ್ಟಿ ಕೂರಲು ಆಗಲಿಲ್ಲ. ಅವನು ಬಾವಿಯ ಹಿಂದಿನಿಂದ ಗುರಾಣಿಯನ್ನು ಎಳೆದುಕೊಂಡು ಕಲ್ಲುಹಾಸಿನ ಮುಂದಕ್ಕೇ ತಂದ. ಏನು ಮಾಡಲು ತಂದನೋ ಅವನಿಗೂ ಗೊತ್ತಿರಲಿಲ್ಲ. ಎತ್ತಿದ. ಊರಲು ಹೋದ. ಗುರಾಣಿ ಅವನನ್ನೂ ಕರೆದುಕೊಂಡು ಉರುಳಿತು, ಊರಿಗೆಲ್ಲ ಕೇಳುವ ಹಾಗೆ ಸದ್ದಾಯಿತು.

"ಎಡಗಾಲು ಮುಂದಿಡಬೇಕು ಕಣೋ ದಡ್ಡ," ಎಂದ ಪಂಜಿನವನು. "ಅಕ್ಕ ಎಡಗಾಲು ಇಡ್ತಿದ್ದಳು."

"ಬಲಗಾಲು," ಎಂದಳು ಅಜ್ಜಿ.

"ಎಡಗಾಲಜ್ಜಿ. ಪಂಜು ಹಿಡೀತಿದ್ದವನು ನಾನು. ಬೆಳಕು ನನ್ನದು. ನಾನು ಕಂಡಿಲ್ವಾ?"

"ನೀನು ಮೃಗದ ಮುಖ ನೋಡ್ತಿದ್ದೆ. ಅವಳ ಹಿಂದೆ ಬಗ್ಗಿ ಸೊಪ್ಪು ಹಿಂಡ್ತಾ ಇದ್ದವಳು ನಾನು. ನನ್ನ ಕಣ್ಣಿನ ನೇರಕ್ಕೆ ಇದ್ದದ್ದೇ ಅವಳ ಕಾಲು. ಬಲಗಾಲು!"

"ನಿನಗೆ ಎಡ ಬಲ ಗೊತ್ತಾಗಲ್ಲ. ಮೊನ್ನೆ ನನ್ನ ಎಡಗೈ ಗಾಯಕ್ಕೆ ಬಲಗೈಗೆ ಪಟ್ಟಿ ಕಟ್ಟಿದೆ."

"ವಾಸಿ ಆಯ್ತೋ ಇಲ್ವೋ?"

"ನೀವಿಬ್ರೂ ಬಾಯಿ ಮುಚ್ತೀರಾ?" ಎಂದು ಬಿಲ್ಲಿನವನು ಗುರಾಣಿಯಡಿಯಿಂದ ಕೂಗಿದ. "ಹಿಡಿ ಕಿತ್ತುಬಂದಿದೆ ಇಲ್ಲಿ! ಯಾರು ಹೊಲಿದದ್ದು ಇದನ್ನ? ಕೋಳಿ ಕೆದರಿದ ಹಾಗಿದೆ!"

"ನಾನು ಹೊಲಿದದ್ದು. ಬಾ, ನಿನ್ನ ಬಾಯಿನೂ ಹೊಲೀತೀನಿ."

ಆಗ ಪಂಜಿನವನು ಕೈ ಎತ್ತಿದ. ಅವನು ಬೊಂಬೆಯಾದನೆಂದು ಉಳಿದಿಬ್ಬರು ತಿಳಿದರು. ಆಗಿರಲಿಲ್ಲ. ಅವನು ಅಕ್ಕನನ್ನು ತೋರಿಸುತ್ತಿದ್ದ.

ಬಣ್ಣ ಸೊಂಟ ದಾಟಿತ್ತು. ಅವರು ನೋಡುತ್ತಿದ್ದಂತೆಯೇ ಒಂದೊಂದೇ ಪಕ್ಕೆಲುಬು ಹತ್ತಿ ಎದೆಯ ಕೆಳಗೆ ಬಂತು. ಮೂವರೂ ಉಸಿರು ಬಿಗಿಹಿಡಿದು ಸುಮ್ಮನಾದರು. ಅವರು ಸುಮ್ಮನಾದೊಡನೆ ಬಣ್ಣವೂ ನಿಂತಿತು.

"ಜಗಳ," ಎಂದ ಪಂಜಿನವನು ಮೆಲ್ಲಗೆ. "ಅಕ್ಕನಿಗೆ ಜಗಳ ಬೇಕು. ಆಡಿ, ಆಡಿ, ನಿಲ್ಲಿಸಬೇಡಿ."

"ಏನಂತ ಆಡೋದು?"

"ಏನಾದ್ರೂ. ಅಜ್ಜಿ, ನಿನ್ನ ಕಷಾಯ ಬಲು ಕಹಿ."

"ಹೌದಪ್ಪ, ಕಹಿ."

"ಹಾಗೆ ಒಪ್ಪಿಕೊಂಡ್ರೆ ಜಗಳ ಹೇಗಾಗುತ್ತೆ?"

"ಕಹಿ ಇದ್ದದ್ದನ್ನ ಸಿಹಿ ಅನ್ಲಾ?"

"ನೀನು... ನೀನು ಪಂಜಿಗೆ ಎಣ್ಣೆ ಜಾಸ್ತಿ ಸುರೀತೀಯ," ಎಂದು ಬಿಲ್ಲಿನವನು ಪಂಜಿನವನ ಮೇಲೆ ರೇಗಿದ. ಆದರೆ ಕಣ್ಣು ಅಕ್ಕನ ಕಡೆಗೇ ಇತ್ತು. ಆಟದ ಜಗಳವೆಂದು ಕಲ್ಲಿಗೂ ಗೊತ್ತಾಗುವಂತಿತ್ತು. ಅವರು ಎಣ್ಣೆಗಾಗಿ ಕೂಗಾಡಿದರು, ಉಪ್ಪಿಗಾಗಿ ಕೂಗಾಡಿದರು, ಯಾರ ಚಪ್ಪಲಿ ಯಾರು ಮೆಟ್ಟಿದರೆಂದು ಕೂಗಾಡಿದರು. ಬಣ್ಣ ಒಂದು ಎಳೆಯಷ್ಟೂ ಏರಲಿಲ್ಲ. ಗಂಟಲು ಒಣಗಿ ಸುಮ್ಮನಾದರು.

ಬೆಳಗಾಯಿತು. ಬಿಸಿಲು ಗೋಡೆ ಇಳಿದು ಕಲ್ಲುಹಾಸಿಗೆ ಬಂತು. ಕೊಡ ಹಿಡಿದವರು ಬಾಗಿಲಿನ ಬಳಿ ಸೇರತೊಡಗಿದರು. ಬಾಗಿಲಿನವನು ಗಂಟೆ ಹಿಡಿದು ನಿಂತ. ಅವನಿಂದ ಮಾರು ದೂರದಲ್ಲಿ ಹೊಸ ಗುರಾಣಿಯವನು, ಗೀರಿಲ್ಲದ ಗುರಾಣಿಯನ್ನು ತೋಳಿಗೆ ಏರಿಸಿ ನಿಂತಿದ್ದ.

"ಹೊತ್ತಾಗ್ತಾ ಬಂತು," ಎಂದ ಬಾಗಿಲಿನವನು. "ಕರೀರಿ ಅವನನ್ನ."

ಅಜ್ಜಿ ಏಳಲಿಲ್ಲ. "ನಾವು ಹೋಗ್ತಿಲ್ಲ," ಎಂದಳು. "ತಂಡ ಮುರಿಯೋದಾದ್ರೆ ನಾವು ಕೂತಿರೋವಾಗಲೇ ಮುರೀಲಿ. ಎದ್ದು ಮುರ್ಕೊಳ್ಳಲ್ಲ."

ಕೊಡ ಹಿಡಿದವರು ಗುಜುಗುಜು ಎಂದರು. ಒಬ್ಬಳು ಮುಂದೆ ಬಂದು, "ನಮ್ಮ ಕೊಡಕ್ಕೇನಮ್ಮ ದಾರಿ?" ಎಂದಳು.

"ಗೊತ್ತಿಲ್ಲ ತಾಯಿ," ಎಂದಳು ಅಜ್ಜಿ. ಅವಳ ಬಾಯಿಂದ ಆ ಮಾತು ಬಂದದ್ದನ್ನು ಅವಳ ತಂಡದವರು ಅದುವರೆಗೆ ಕೇಳಿರಲಿಲ್ಲ.

ಬಿಲ್ಲಿನವನು ಅಕ್ಕನ ತಲೆಯ ಬಳಿ ಮಂಡಿಯೂರಿದ್ದ. ಅಜ್ಜಿಯ ಮಾತು ಕೇಳಿ ಅವನಿಗೂ ಬೇರೆ ಮಾತು ಹೊಳೆಯಲಿಲ್ಲ.

"ಅಕ್ಕಾ," ಎಂದ. "ನನಗೆ ಇದು ಬರಲ್ಲ."

ಕೊಡ ಹಿಡಿದವರು ಅವನ ಕಡೆ ತಿರುಗಿದರು.

"ಎತ್ತೋಕೂ ಬರಲ್ಲ, ಊರೋಕೂ ಬರಲ್ಲ. ಮಾತು ಕೇಳುತ್ತೆ ಅಂದೆನಲ್ಲ, ಕೇಳಲ್ಲ. ದಿನಾ ಅದರಡಿಗೆ ಬೀಳ್ತೀನಿ. ಇವನು ಆಮೆ ಅಂತಾನೆ. ನೀನಿಲ್ಲದೆ ಏನೂ ಸರಿಯಾಗಿ ನಡೀತಿಲ್ಲ ಅಕ್ಕ. ಬೆಟ್ಟದ ಬುಡದವರೆಗೂ ಹೋಗೋಕೆ ನಮಗೆ ಧೈರ್ಯ ಇಲ್ಲ."

"ಪಂಜು ಹೊತ್ಕೊಳ್ತಾ ಇಲ್ಲ," ಎಂದ ಪಂಜಿನವನು. ಈಗ ಅವನೂ ಬಾಗಿದ್ದ. "ಸುಮ್ಮನೆ ಹೊಗೆ ಬರುತ್ತೆ. ನೀನು ಮುಂದೆ ನಿಂತು ಗಾಳಿ ಮರೆ ಮಾಡ್ತಿದ್ದೆ ಅಂತ ಈಗ ಗೊತ್ತಾಯ್ತು."

"ಹಿಡಿ ನಾನೇ ಹಾಳು ಮಾಡಿದ್ದು ಕಣೇ," ಎಂದಳು ಅಜ್ಜಿ. "ನೀನು ಹೇಗೆ ಹೊಲೀತಿದ್ದೆಯೋ. ನನಗೆ ತಿಳೀಲಿಲ್ಲ."

ಬಣ್ಣ ಎದೆಗೆ ಬಂತು. ಕೊಡ ಹಿಡಿದವರು ಹತ್ತಿರ ಸರಿದರು. ಬಣ್ಣ ಕತ್ತಿಗೆ ಬಂತು. ಕತ್ತಿನಲ್ಲಿ ನಡುಗಿ ನಿಂತಿತು, ಮಡಕೆಯ ಬಾಯಿಗೆ ಬಂದ ನೀರಿನ ಹಾಗೆ.

ಬಿಸಿಲು ನೆತ್ತಿಗೆ ಬಂದಿತ್ತು. ಬಾಗಿಲಿನವನು ಗಂಟೆ ಎತ್ತಿದ.

"ಒಂದು ಮಾತಾದ್ರೂ ಹೇಳಕ್ಕ," ಎಂದ ಬಿಲ್ಲಿನವನು ಅಳುವ ದನಿಯಲ್ಲಿ. "ಎಡಗಾಲಾ, ಬಲಗಾಲಾ?"

"ಎಡಗಾಲು," ಎಂದ ಪಂಜಿನವನು.

"ಮತ್ತೆ ಶುರು ಮಾಡಿದ! ಬಲಗಾಲು ಅಂತ ಹೇಳಿದ್ನಲ್ಲೋ!"

"ಎಡ!"

"ಬಲ! ಬೇಕಾದ್ರೆ ನನ್ನ ಕಣ್ಣಾಣೆ..."

"ಎರಡೂ ಅಲ್ಲ ಕಣ್ರೋ," ಎಂದಳು ಗುರಾಣಿಯಕ್ಕ.

ಅವಳ ತುಟಿ ಕೆಂಪಾಗಿತ್ತು. ಕಣ್ಣು ಇನ್ನೂ ತೆರೆದಿರಲಿಲ್ಲ. ದನಿ ಬಹಳ ದಿನ ಮುಚ್ಚಿದ್ದ ಕದದ ಹಾಗೆ ಕಿರುಗುಟ್ಟಿತು, ಆದರೆ ಅವಳದೇ ದನಿ.

"ಎರಡೂ ಅಲ್ಲ. ಇಷ್ಟು ದಿನದಿಂದ ಕೇಳಿ ಕೇಳಿ ಸಾಕಾಯ್ತು. ಒಬ್ಬ ಎಲ್ಲಾ ನಡೀತಿದೆ ಅಂತಾನೆ, ಒಬ್ಬ ಗುರಾಣಿ ಮಾತು ಕೇಳುತ್ತೆ ಅಂತಾನೆ. ಸರಿ, ನಡೀತಿದ್ರೆ ನಡೀಲಿ, ನಾನ್ಯಾಕೆ ಏಳಲಿ ಅಂತ ಮಲಗಿದ್ದೆ. ಎಬ್ಬಿಸೋದಾದ್ರೆ ನೆಟ್ಟಗೆ ಎಬ್ಬಿಸಬಾರದಾ?"

ಅವಳು ಎದ್ದು ಕೂತಳು. ಅಜ್ಜಿ ಅವಳ ಬೆನ್ನಿಗೆ ಕೈ ಕೊಡಲು ಹೋದಳು. ಅಕ್ಕ ಆ ಕೈಯನ್ನು ಹಿಡಿದುಕೊಂಡು ತನ್ನ ಬೆನ್ನಿನ ನಡುವೆ ಇಟ್ಟಳು.

"ಇಲ್ಲಿ," ಎಂದಳು. "ಗುರಾಣಿ ಊರೋದು ಕಾಲಿಂದಲ್ಲ ಅಜ್ಜಿ. ಇಲ್ಲಿಂದ. ನೀವು ಮೂವರೂ ಹಿಂದೆ ಇದ್ದೀರ ಅಂತ ಇಲ್ಲಿಗೆ ಗೊತ್ತಾಗ್ಬೇಕು. ಗೊತ್ತಾದ ಮೇಲೆ ಊರ್ತೀನಿ. ಕಾಲು ಅದರ ಪಾಡಿಗೆ ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತೆ."

ಪಂಜಿನವನು ನೆಲ ನೋಡಿದ.

"ಆ ದಿನ ಕಾದೆ," ಎಂದಳು ಅಕ್ಕ. ದನಿಯಲ್ಲಿ ಕೋಪವಿರಲಿಲ್ಲ. "ಗುರಾಣಿ ಎತ್ತಿಕೊಂಡು ಕಾದೆ. ಬೆನ್ನಿಗೆ ಯಾರೂ ಸಿಗಲಿಲ್ಲ."

ಮೂವರಿಗೂ ಆ ದಿನ ನೆನಪಿಗೆ ಬಂತು. ಓಡಿದವರು ಅವರಲ್ಲಿ ಯಾರೂ ಇಲ್ಲ. ಪಂಜು ಆರದಿರಲಿ ಎಂದು ಪಂಜಿನವನು ಬಂಡೆಯ ಮರೆಗೆ ಒಂದು ಹೆಜ್ಜೆ ಸರಿದಿದ್ದ. ಗುರಿ ಚೆನ್ನಾಗಿ ಸಿಗಲೆಂದು ಬಿಲ್ಲಿನವನು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿದ್ದ. ಗಂಟು ಬಿಚ್ಚಲು ಚಪ್ಪಟೆ ಕಲ್ಲೊಂದು ಕಂಡು ಅಜ್ಜಿ ಒಂದು ಹೆಜ್ಜೆ ಆಚೆ ಹೋಗಿದ್ದಳು. ಎಲ್ಲರಿಗೂ ಕಾರಣವಿತ್ತು. ಎಲ್ಲವೂ ಒಳ್ಳೆಯ ಕಾರಣಗಳೇ.

"ಹೇಳಬಾರದಿತ್ತಾ ಅಕ್ಕ, ಹತ್ತಿರ ಬನ್ನಿ ಅಂತ?" ಎಂದ ಬಿಲ್ಲಿನವನು.

"ಹೇಳಬೇಕಿತ್ತು," ಎಂದಳು ಅಕ್ಕ. "ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ಇಷ್ಟು ಸಲ ಹತ್ತಿದೀವಿ, ಬಾಯಿಬಿಟ್ಟು ಹೇಳೋದು ಬೇರೆ ಬೇಕಾ ಅಂದ್ಕೊಂಡಿದ್ದೆ. ಹಿಡಿ ಎಲ್ಲಿ, ಕೊಡಿ ಇಲ್ಲಿ. ಅಯ್ಯೋ ಅಜ್ಜಿ, ಇದೇನೇ ಇದು? ಕೋಳಿ ಕೆದರಿದ ಹಾಗಿದೆ ಅಂತ ಅವನು ಹೇಳಿದ್ದು ನಿಜಾನೇ."

ಅವಳು ಹಲ್ಲಿನಿಂದ ದಾರ ಕಡಿದು, ಹರಿದ ಚರ್ಮವನ್ನು ಮಡಿಚಿ ಎರಡು ಗಂಟು ಬಿಗಿದಳು. ಎದ್ದು ನಿಂತಳು. ಕಾಲು ಒಮ್ಮೆ ತೊಡರಿತು. ಹಣೆಯ ಮೇಲೂ ಕೂದಲಿನ ಬುಡದಲ್ಲೂ ಇನ್ನೂ ಬಣ್ಣ ಬಂದಿರಲಿಲ್ಲ. ಅಲ್ಲಿ ಬಿಸಿಲು ನೇರವಾಗಿ ಹಾದುಹೋಗುತ್ತಿತ್ತು. ಹೊಸ ಗುರಾಣಿಯವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಅಕ್ಕ ಅವನ ಗುರಾಣಿಯನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿದಳು.

"ಒಳ್ಳೆ ಲೋಹ," ಎಂದಳು. "ನಿನಗೂ ತಂಡ ಸಿಗುತ್ತೆ. ಹತ್ತೋ ಮೊದಲು ಅವರ ಜೊತೆ ಒಂದು ಸಲ ಜಗಳ ಆಡು."

ಬಾಗಿಲಿನವನು ಅವಳನ್ನು ಅನುಮಾನದಿಂದ ನೋಡಿದ. "ತಲೆಗೆ ಪೂರ್ತಿ ಬಣ್ಣ ಬಂದಿಲ್ಲವಲ್ಲಮ್ಮ."

"ತಲೆ ಎಣಿಸೋದಲ್ವಾ ನಿನ್ನ ಕೆಲಸ? ಎಣಿಸು. ಬಣ್ಣ ದಾರೀಲಿ ಬರುತ್ತೆ."

ಅವನು ಎಣಿಸಿದ. ಗಂಟೆ ಹೊಡೆದ. ಬಾಗಿಲು ತಾನಾಗಿ ತೆರೆಯಿತು.

ನಾಲ್ವರೂ ಬೆಟ್ಟ ಹತ್ತಿದರು. ಬಂಡೆಗಳ ನಡುವಿನ ಬಯಲು ಬಂತು. ಆಚೆ ಗವಿಯ ಬಾಯಲ್ಲಿ ಧೂಳು ಎದ್ದಿತು, ನೆಲ ಅದುರಿತು. ಅಕ್ಕ ನಿಂತಳು. ಗುರಾಣಿಯನ್ನು ಎತ್ತಿ ಹಿಡಿದಳು. ಹಿಡಿದು ಹಾಗೇ ನಿಂತಳು. ಹಿಂತಿರುಗಿ ನೋಡಲಿಲ್ಲ.

ಮೃಗ ಹೊರಬಂತು. ಪಂಜಿನವನು ಬಂಡೆಯ ಮರೆಯನ್ನು ಕಂಡ. ಗಾಳಿ ಜೋರಾಗಿತ್ತು, ಪಂಜು ಮಲಗಿ ಮಲಗಿ ಏಳುತ್ತಿತ್ತು. ಅವನು ಮರೆಯನ್ನು ಬಿಟ್ಟು ಮುಂದಕ್ಕೆ ನಡೆದ. ಪಂಜಿನ ಬಿಸಿ ಅಕ್ಕನ ಬಲಭುಜಕ್ಕೆ ತಾಗುವಷ್ಟು ಹತ್ತಿರಕ್ಕೆ. ಬಿಲ್ಲಿನವನು ಗುರಿಯನ್ನು ಬಿಟ್ಟು ಮುಂದಕ್ಕೆ ನಡೆದ. ಅವನ ಮೊಣಕೈ ಅವಳ ಎಡಭುಜಕ್ಕೆ ತಾಗಿತು. ಮೃಗ ಓಡತೊಡಗಿತ್ತು. ಅಕ್ಕ ಇನ್ನೂ ಗುರಾಣಿಯನ್ನು ಊರಲಿಲ್ಲ. ಅಜ್ಜಿ ಗಂಟನ್ನು ಎದೆಗೆ ಅವುಚಿಕೊಂಡು ಇಬ್ಬರ ನಡುವೆ ತೂರಿ ಬಂದು ಅವಳ ಬೆನ್ನಿಗೆ ಒರಗಿ ನಿಂತಳು.

"ಅಜ್ಜೀ, ನಿನ್ನ ಗಂಟು ನನ್ನ ಸೊಂಟಕ್ಕೆ ಚುಚ್ತಿದೆ," ಎಂದಳು ಅಕ್ಕ.

"ಚುಚ್ಚಲಿ ಬಿಡೆ," ಎಂದಳು ಅಜ್ಜಿ.

ಗುರಾಣಿ ನೆಲಕ್ಕೆ ಊರಿತು.